ಎಡಗೈಯ ನೂಲು

ಧಾರವಾಡದ ನಮ್ಮ ಮನೆಯಲ್ಲಿ ಎರಡು ಕೋಣೆಗಳ ಬಾಗಿಲು ಸದಾ ಮುಚ್ಚಿರುತ್ತಿತ್ತು. ಒಂದು ಅಪ್ಪ ಫೋಟೋ ತೊಳೆಯುವ ಕತ್ತಲೆ ಕೋಣೆ. ಬೆಳಕು ಬಿದ್ದರೆ ಫಿಲ್ಮು ಹಾಳಾಗುತ್ತದೆ, ಅದಕ್ಕೆ ಮುಚ್ಚುತ್ತಾರೆ ಎಂದು ನನಗೆ ಗೊತ್ತಿತ್ತು. ಇನ್ನೊಂದು ಹಿತ್ತಲ ಕಡೆಗಿದ್ದ ಆಯಿಯ ಕೋಣೆ. ಆಯಿ ಅಂದರೆ ಅಪ್ಪನ ತಾಯಿ, ಗುರವ್ವ. ಆಕೆಯ ತವರು ಧಾರವಾಡದ ಹತ್ತಿರದ ಗರಗ, ಅಲ್ಲಿ ನೂಲುವುದನ್ನು ಹುಡುಗಿಯರು ನಡೆಯುವುದರ ಜೊತೆಗೇ ಕಲಿಯುತ್ತಿದ್ದರು. ಊಟ ಮುಗಿಸಿ ಆಯಿ ಆ ಕೋಣೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡು ರಾಟಿಗೆ ಕೂಡುತ್ತಿದ್ದಳು. ಮಧ್ಯಾಹ್ನವೆಲ್ಲ ರಾಟಿಯ ಗುಂಯ್ ಅನ್ನುವ ಸದ್ದು ಗೋಡೆ ದಾಟಿ ಅಡಿಗೆಮನೆಗೆ ಬರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ನೂಲಿನ ಲಡಿಗಳನ್ನು ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಗರಗದ ಖಾದಿ ಕೇಂದ್ರಕ್ಕೆ ಒಯ್ದು ಕೊಟ್ಟು ಬರುತ್ತಿದ್ದಳು. ಆಕೆಯ ನೂಲಿನ ಎಳೆ ಹರಿಯುವುದಿಲ್ಲ ಎಂದು ಅಲ್ಲಿಯ ನೇಕಾರರು ಹೊಗಳುತ್ತಿದ್ದರಂತೆ. ಆ ನೂಲನ್ನು ಎಲ್ಲರೂ ಕಂಡಿದ್ದರು. ತೆಗೆಯುವುದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಮುಂದಿನ ಪಡಸಾಲೆಯೇ ಅಪ್ಪನ ಸ್ಟುಡಿಯೋ: ಗುಡ್ಡ, ಕೆರೆ, ಹಂಸ ಬರೆದ ಪರದೆ, ಒಂದು ಸ್ಟೂಲು, ಗಿರಾಕಿಗಳಿಗಾಗಿ ಬಾಚಣಿಕೆ ಮತ್ತು ಪೌಡರ್ ಡಬ್ಬಿ. ಪರೀಕ್ಷೆಯ ಅರ್ಜಿಗೆ ಫೋಟೋ ತೆಗೆಸಲು ಬರುವ ಕಾಲೇಜು ಹುಡುಗರಿಂದ ನಮ್ಮ ಒಲೆ ಉರಿಯುತ್ತಿತ್ತು. ಆದರೆ ಅಪ್ಪನ ಜೀವವೆಲ್ಲ ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿತ್ತು. ಅದಕ್ಕೆ ಸುದ್ದಿ ಬರೆದು, ಫೋಟೋ ತೆಗೆದು, ಲಕೋಟೆಯನ್ನು ಬಸ್ಸಿನ ಡ್ರೈವರನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದ.

ನಾನು ಹುಟ್ಟಿನಿಂದ ಎಡಗೈಯವಳು. ಅದು ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಸಲ, ಊಟಕ್ಕೆ ಕೂತಾಗ ಏಳುವ ಜಗಳವಾಗಿತ್ತು. ಅವ್ವ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಡಿಸುವಷ್ಟರಲ್ಲಿ ನನ್ನ ಎಡಗೈ ತಾನಾಗಿ ಗಂಗಾಳಕ್ಕೆ ಹೋಗುತ್ತಿತ್ತು. ಆಯಿ ಒಂದು ಹಳೆಯ ಸೀರೆಯ ಅಂಚನ್ನು ಹರಿದು ಇಟ್ಟುಕೊಂಡಿದ್ದಳು. ಅದರಿಂದ ನನ್ನ ಎಡಗೈಯನ್ನು ಬೆನ್ನ ಹಿಂದೆ ಲಂಗದ ಲಾಡಿಗೆ ಕಟ್ಟಿ, ಎದುರಿಗೆ ಕೂತು, ನಾನು ಬಲಗೈಯಲ್ಲಿ ಕಡೆಯ ತುತ್ತು ನುಂಗುವವರೆಗೆ ಏಳುತ್ತಿರಲಿಲ್ಲ. ಅಪ್ಪ ಬೇಡವೆಂದರೂ ಕೇಳುತ್ತಿರಲಿಲ್ಲ, ಅವ್ವ ಕಣ್ಣಲ್ಲಿ ನೀರು ತಂದರೂ ಕೇಳುತ್ತಿರಲಿಲ್ಲ. ಸಾಲಿಯಲ್ಲಿ ಬಾಯೋರು, ಅಂದರೆ ನಮ್ಮ ಶಿಕ್ಷಕಿ, ಎಡಗೈಯಲ್ಲಿ ಬಳಪ ಕಂಡರೆ ಗೆಣ್ಣಿನ ಮೇಲೆ ಪಟ್ಟಿಯಿಂದ ಹೊಡೆಯುತ್ತಿದ್ದರು. ಬಲಗೈಯಲ್ಲಿ ಬರೆದರೆ ನನ್ನ ಅಕ್ಷರ ನನಗೇ ಓದಲು ಬರುತ್ತಿರಲಿಲ್ಲ. ಮೂರನೆಯ ಇಯತ್ತೆಯಲ್ಲಿ ನನ್ನನ್ನು ದಡ್ಡಿಯರ ಸಾಲಿನಲ್ಲಿ ಕೂಡಿಸಿದರು. ಒಂದು ದಿನ ಆಯಿ ಇಷ್ಟಲಿಂಗದ ಪೂಜೆಗೆ ಕೂತಿದ್ದಾಗ ನಾನು ನೋಡುತ್ತ ನಿಂತೆ. ಲಿಂಗಯ್ಯ ಆಕೆಯ ಎಡಗೈಯ ಅಂಗೈಯಲ್ಲಿದ್ದ. ಬಲಗೈ ಹೂವು, ಪತ್ರಿ ಏರಿಸುತ್ತಿತ್ತು.

"ಆಯಿ, ಎಡಗೈ ಛಲೋ ಅಲ್ಲ ಅಂತಿ. ಮತ್ತ ದೇವರನ್ನ ಯಾಕ ಎಡಗೈಯಾಗ ಇಟ್ಕೊಂಡೀದಿ?"

ಆಯಿ ಪೂಜೆ ಮುಂದುವರಿಸಿದಳು. ಮುಗಿದ ಮೇಲೆ ಎದ್ದು ಬಂದು ನನ್ನ ಕೆನ್ನೆಗೆ ಒಂದು ಕೊಟ್ಟಳು. ಆಕೆ ಯಾಕೆ ಅಷ್ಟು ಸಿಟ್ಟಾದಳೆಂದು ನನಗೆ ತಿಳಿದದ್ದು ಅಪ್ಪ ಆಕೆಯದೊಂದು ಫೋಟೋ ತೆಗೆದ ಮೇಲೆ.

ಒಂದು ಮಧ್ಯಾಹ್ನ ಸೆಕೆಗೆ ಆಯಿ ಹಿತ್ತಲ ಕಡೆಯ ಕಿಟಕಿ ತೆಗೆದಿಟ್ಟು ನೂಲುತ್ತಿದ್ದಳು. ಬೇವಿನ ಗಿಡದ ಎಲೆಗಳಿಂದ ಸೋಸಿ ಬಂದ ಬಿಸಿಲು ಆಕೆಯ ಮೇಲೆ, ಹತ್ತಿಯ ಹಂಜಿಯಿಂದ ಎಳೆಯುತ್ತಿದ್ದ ನೂಲಿನ ಮೇಲೆ ಬಿದ್ದಿತ್ತು. ಅಪ್ಪ ಹಿತ್ತಲಿನಲ್ಲಿ ಕ್ಯಾಮೆರಾ ಒರೆಸುತ್ತ ಕೂತಿದ್ದವನು ತಲೆ ಎತ್ತಿ ನೋಡಿ, ಸದ್ದಿಲ್ಲದೆ ಒಂದು ಫೋಟೋ ತೆಗೆದುಬಿಟ್ಟ. ನನ್ನನ್ನು ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ, ಕೆಂಪು ದೀಪದ ಕೆಳಗೆ, ತಟ್ಟೆಯ ನೀರಿನಲ್ಲಿ ಬಿಳಿ ಕಾಗದದ ಮೇಲೆ ಆಯಿ ನಿಧಾನಕ್ಕೆ ಮೂಡುವುದನ್ನು ತೋರಿಸಿದ. ಮೊದಲು ಸೀರೆಯ ಅಂಚು, ಆಮೇಲೆ ರಾಟಿಯ ಚಕ್ರ, ಕಡೆಗೆ ಕಣ್ಣು. ಎಷ್ಟು ಚೆಂದ ಇತ್ತು ಅದು! ಅಪ್ಪ ಗರಗದ ನೂಲಿನ ಬಗ್ಗೆ ಒಂದು ಬರಹ ಬರೆದು ಅದರ ಜೊತೆಗೆ ಈ ಫೋಟೋವನ್ನು ಪೇಪರಿಗೆ ಕಳಿಸಿದ. ರವಿವಾರದ ಪುಟದಲ್ಲಿ, ಎರಡು ಅಂಗೈಯಷ್ಟು ದೊಡ್ಡದಾಗಿ, ಹೆಸರಿನ ಸಮೇತ ಆಯಿ ಬಂದಳು. ಅಪ್ಪ ಪೇಪರು ಹಿಡಿದು ಓಣಿಯಲ್ಲೆಲ್ಲ ತಿರುಗಿದ. ಸಂಜೆಯೊಳಗೆ ಆಯಿಯ ನಾದಿನಿ ಬಂದಳು. ಪಡಸಾಲೆಯಲ್ಲಿ ಕೂತು, ನೀರು ಕುಡಿದು, ಪೇಪರು ಬಿಡಿಸಿ ಕೇಳಿದಳು:

"ಗುರವ್ವಾ, ಇದೇನಿದು? ಎಡಗೈಲೆ ರಾಟಿ ತಿರಗಸಾಕತ್ತೀದಿ? ದೇವರ ದೀಪದ ಬತ್ತಿನೂ ಎಡಗೈಲೆ ಹೊಸಿತಿಯೇನು?"

ನಾನು ಹಣಿಕಿ ನೋಡಿದೆ. ಹೌದು! ಹಿಡಿಕೆಯ ಮೇಲಿದ್ದದ್ದು ಎಡಗೈ, ನೂಲು ಎಳೆಯುತ್ತಿದ್ದದ್ದು ಬಲಗೈ. ಕತ್ತಲೆ ಕೋಣೆಯಲ್ಲಿ ನನಗದು ಕಂಡಿರಲೇ ಇಲ್ಲ, ಯಾಕೆಂದರೆ ನನಗೆ ಅದೇ ಸರಿಯಾದ ಕೈ. ಆಯಿಯ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಆದರೆ ಮಾತು ತಡವರಿಸಲಿಲ್ಲ.

"ಅದು ಫೋಟೋ ತಿರುವಿ ಬಿದ್ದೈತವಾ. ಪೇಪರಿನವರು ಉಲ್ಟಾ ಹಾಕ್ಯಾರ."

ಆ ರಾತ್ರಿ ಊಟಕ್ಕೆ ಮೊದಲೇ ಮನೆಯಲ್ಲಿ ಜಗಳ ಹತ್ತಿತು. ಮದುವೆಯಾಗಿ ಬಂದ ಹೊಸತರಲ್ಲಿ ಆಯಿ ಎಡಗೈಯಲ್ಲಿ ಬಡಿಸಿದಳೆಂದು ಆಕೆಯ ಮಾವ ಗಂಗಾಳ ಬಿಟ್ಟು ಎದ್ದುಹೋಗಿದ್ದನಂತೆ. ಅಂದಿನಿಂದ ಆಕೆ ಎಲ್ಲವನ್ನೂ ಬಲಗೈಗೆ ಕಲಿಸಿದ್ದಳು, ರೊಟ್ಟಿ ಬಡಿಯುವುದನ್ನೂ. ನೂಲು ಮಾತ್ರ, ಬಲಗೈಯಲ್ಲಿ ರಾಟಿ ತಿರುಗಿಸಿದರೆ, ಹರಿದುಹೋಗುತ್ತಿತ್ತು. ಆಗ ನನ್ನ ಅಜ್ಜ, ಯಾರಿಗೂ ಹೇಳದೆ, ರಾಟಿಯ ಹಿಡಿಕೆಯನ್ನು ಇನ್ನೊಂದು ಮಗ್ಗುಲಿಗೆ ಕೂಡಿಸಿಕೊಟ್ಟು, ಕೋಣೆಗೊಂದು ಒಳ ಅಗಳಿಯನ್ನೂ ಹಾಕಿಸಿಕೊಟ್ಟಿದ್ದ. ಇಷ್ಟನ್ನೂ ಅಂದು ಆಯಿಯೇ ಸಿಟ್ಟಿನಲ್ಲಿ ಒದರಿದಳು. ಆಮೇಲೆ ಅಪ್ಪನಿಗೆ ಹೇಳಿದಳು:

"ಈರಪ್ಪಾ, ನಾಳಿ ಪೇಪರಿನಾಗ ಹಾಕಸು. ಫೋಟೋ ಉಲ್ಟಾ ಬಿದ್ದಿತ್ತು, ತಪ್ಪಾತು ಅಂತ."

"ಅವ್ವಾ, ಫೋಟೋ ಸೀದಾ ಐತಿ. ತಪ್ಪು ನನ್ನದ ಐತಿ, ನಿನ್ನ ಕೇಳದ ತಗದೆ. ಬೇಕಂದ್ರ ಆ ತಪ್ಪು ಬರದು ಹಾಕಸ್ತೇನಿ. ಸೀದಾ ಇದ್ದದ್ದನ್ನ ಉಲ್ಟಾ ಅಂತ ನಾ ಹೆಂಗ ಬರೀಲಿ?"

"ಹೆತ್ತ ತಾಯಿಗಿಂತ ಪೇಪರ ದೊಡ್ಡದಾತೇನು ನಿನಗ? ನಾಳಿ ಅದರಾಗ ಮಿರ್ಚಿ ಕಟ್ಟತಾರ!"

ಅಪ್ಪ ಹಾಗೆ ಬರೆಯಲಿಲ್ಲ. ಆಯಿ ಅವನ ಜೊತೆ ಮಾತು ಬಿಟ್ಟಳು. ರಾಟಿಗೆ ಒಂದು ದುಪ್ಪಟಿ ಹೊಚ್ಚಿ ಇಟ್ಟಳು. ನಾಲ್ಕಾರು ವಾರ ಮನೆಯಲ್ಲಿ ಗುಂಯ್ ಅನ್ನುವ ಸದ್ದೇ ಇಲ್ಲ. ಅಪ್ಪನಿಗೆ ಏನಾದರೂ ಹೇಳಬೇಕಾದರೆ ನನ್ನ ಕೈಯಲ್ಲಿ ಹೇಳಿಕಳಿಸುತ್ತಿದ್ದಳು. ನನ್ನ ಎಡಗೈಗೆ ಕಟ್ಟುವ ಗಂಟು ಮೊದಲಿಗಿಂತ ಬಿಗಿಯಾಯಿತು.

ಹೀಗಿರುವಾಗ ಒಂದು ದಿನ ಟಪಾಲಿನವನು ಒಂದು ಲಕೋಟೆ ತಂದ. ಮೇಲೆ ನಾವು ಎಂದೂ ಕಾಣದ ಸ್ಟಾಂಪು. ಇಂಗ್ಲಿಷಿನಲ್ಲಿ ವಿಳಾಸ: ಗುರವ್ವ, ನೂಲುವವರು, ಗರಗ, ಧಾರವಾಡ, ಭಾರತ. ಗರಗದ ಅಂಚೆಯವರು ಖಾದಿ ಕೇಂದ್ರದಲ್ಲಿ ಕೇಳಿ ನಮ್ಮ ಮನೆಯ ವಿಳಾಸ ಬರೆದು ಇತ್ತ ಕಳಿಸಿದ್ದರು. ಸ್ಟಾಂಪು ನೋಡಿ ಅಪ್ಪ ಕುರ್ಚಿಯಿಂದ ಎದ್ದೇ ಬಿಟ್ಟ.

"ಪಾಕಿಸ್ತಾನದ್ದು!"

ಒಳಗೆ ಎರಡು ಹಾಳೆಯ ಕಾಗದ, ಜೊತೆಗೆ ಪೇಪರಿನಿಂದ ಕತ್ತರಿಸಿದ ಒಂದು ತುಂಡು. ಆ ತುಂಡಿನಲ್ಲಿ ನಮ್ಮ ಆಯಿ! ಅದೇ ಬಿಸಿಲು, ಅದೇ ರಾಟಿ, ಸುತ್ತಲೂ ಉರ್ದು ಅಕ್ಷರ. ಆಮೇಲೆ ತಿಳಿದಂತೆ, ಹುಬ್ಬಳ್ಳಿಯ ಸಂಪಾದಕರು ಫೋಟೋ ಮೆಚ್ಚಿ ಸುದ್ದಿಸಂಸ್ಥೆಯೊಂದಕ್ಕೆ ಕಳಿಸಿದ್ದರಂತೆ. ಅಲ್ಲಿಂದ ಅದು ಕರಾಚಿಯ ಪೇಪರಿನವರೆಗೆ ಹೋಗಿತ್ತು. ಅಂದು ಅಪ್ಪನಿಗೂ ಅದು ಗೊತ್ತಿರಲಿಲ್ಲ. ಉರ್ದು ಕಾಗದ ಓದುವವರು ಯಾರು? ನಾನು ಓಡಿಹೋಗಿ ಪಕ್ಕದ ಮನೆಯ ಮೆಹಬೂಬಿ ಚಾಚಿಯನ್ನು ಕೈಹಿಡಿದು ಎಳೆದುಕೊಂಡು ಬಂದೆ. ಚಾಚಿಯ ಗಂಡನದು ಸೈಕಲ್ ರಿಪೇರಿ ಅಂಗಡಿ. ಚಾಚಿ ಉರ್ದು ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಆಕೆ ಕೈ ಒರೆಸಿಕೊಂಡು, ಕಾಗದ ಬಿಡಿಸಿ, ಓದುತ್ತ ಓದುತ್ತ ನಮ್ಮ ಮಾತಿನಲ್ಲಿ ಹೇಳಿದಳು. ಆಯಿ ಆಚೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು, ತನಗೂ ಅದಕ್ಕೂ ಸಂಬಂಧವಿಲ್ಲವೆನ್ನುವಂತೆ.

"ಗುರವ್ವ ಬಾಯಿಗೆ ಜೈನಬ ಮಾಯಿಯ ಸಲಾಮ್. ನಾ ಸಿಂಧದಾಗ ಒಂದು ಹಳ್ಳ್ಯಾಗ ಇರ್ತೇನಿ. ನನಗ ಬರಿಯಾಕ ಬರೂದಿಲ್ಲ, ಮೊಮ್ಮಗಳು ಬರಿಯಾಕತ್ತಾಳ. ನಾನೂ ನೂಲಾಕಿ. ನನ್ನ ಮಗ ಕರಾಚಿಂದ ಬೆಲ್ಲ ಕಟ್ಟಿಸಿಕೊಂಡು ಬಂದ ಪೇಪರಿನಾಗ ನಿನ್ನ ಚಿತ್ರ ಇತ್ತು. ಬೆಲ್ಲ ಬಿಟ್ಟು ಪೇಪರ ಇಟ್ಕೊಂಡೆ. ನೀ ಎಡಗೈಲೆ ರಾಟಿ ತಿರಗಸಾಕತ್ತೀದಿ. ನಾನೂ ಎಡಗೈಯಾಕಿ. ಸಣ್ಣಾಕಿ ಇದ್ದಾಗ ನಮ್ಮವ್ವ ಆ ಕೈಗೆ ಕೆಂಡ ಹಚ್ಚಿದ್ದಳು. ನನ್ನಂಥಾ ಇನ್ನೊಬ್ಬಾಕಿನ್ನ ನಾ ಈತನಕ ನೋಡಿಲ್ಲ. ನನ್ನ ಮಗ ಅಂತಾನ, ಇದು ಛಾಪಿಸುವಾಗ ಉಲ್ಟಾ ಬಿದ್ದೈತಿ ಅಂತ. ನಾ ಅಲ್ಲ ಅಂತೇನಿ. ಖರೇ ಹೇಳು ಬಾಯಿ, ನೀ ಎಡಗೈಯಾಕಿ ಹೌದೋ ಅಲ್ಲೋ? ಅಲ್ಲ ಅಂದ್ರ ನಾ ಸುಮ್ಮನಾಗ್ತೇನಿ."

ಮೊರದ ಸದ್ದು ನಿಂತಿತ್ತು.

"ಮೆಹಬೂಬಿ, ಆ ಕೆಂಡದ್ದು ಇನ್ನೊಮ್ಮಿ ಓದು" ಅಂದಳು ಆಯಿ.

ಚಾಚಿ ಇನ್ನೊಮ್ಮೆ ಓದಿದಳು. ಆಯಿ ನನ್ನನ್ನು ಹತ್ತಿರ ಕರೆದು, ನನ್ನ ಎಡಗೈ ಹಿಡಿದು, ಮಣಿಕಟ್ಟಿನ ಮೇಲೆ ಸೀರೆಯ ಅಂಚು ಮೂಡಿಸಿದ ಕೆಂಪು ಗೆರೆಯನ್ನು ಹೆಬ್ಬೆರಳಿನಿಂದ ತಿಕ್ಕಿದಳು, ಅದು ಹೋಗಿಬಿಡುತ್ತದೆಯೇನೋ ಎಂಬಂತೆ. ಆಮೇಲೆ ಮೊರ ಬದಿಗೆ ಸರಿಸಿದಳು.

"ಬರಿ. ಖರೇ ಐತಿ ಅಂತ ಬರಿ."

ಚಾಚಿ ಕಾಗದವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಮುಖ ಸಣ್ಣದಾಗಿತ್ತು.

"ಆಯಿ, ಓದೂದು ಬ್ಯಾರೆ, ಬರಿಯೂದು ಬ್ಯಾರೆ. ನಮ್ಮ ಮನಿಯಿಂದ ಪಾಕಿಸ್ತಾನಕ್ಕ ಕಾಗದ ಹೋತು ಅಂದ್ರ ಮಂದಿ ಏನೇನೋ ಅಂತಾರ್ರಿ. ನಮ್ಮವರ ಅಂಗಡಿ ಮುಂದ ಪೊಲೀಸರು ಬಂದು ನಿಂತ್ರ?"

ಅಪ್ಪ ಏನೋ ಹೇಳಲು ಹೋದ. ಆಯಿ ಕೈ ಎತ್ತಿ ತಡೆದಳು.

"ಕಾಗದ ನಮ್ಮ ಮನಿಯಿಂದ ಹೋಗ್ತೈತಿ. ನಮ್ಮ ಈರಪ್ಪನ ವಿಳಾಸ ಇರ್ತೈತಿ. ಕೆಳಗ ನಾ ಹೆಬ್ಬೆಟ್ಟು ಒತ್ತತೇನಿ. ಯಾರರ ಕೇಳಾಕ ಬಂದ್ರ, ನನ್ನ ಮುಂದ ನಿಂತು ಕೇಳಲಿ. ನೀ ಅಕ್ಷರ ಅಷ್ಟ ಕೊಡವಾ."

ಚಾಚಿ ಆಯಿಯ ಮುಖ ನೋಡಿ ಪೆನ್ನಿಗೆ ಕೈ ಚಾಚಿದಳು. ನಾನು ಆಕೆಯ ಭುಜಕ್ಕೆ ಗದ್ದ ಊರಿ ನಿಂತೆ. ಪೆನ್ನು ಹಾಳೆಯ ಬಲತುದಿಯಿಂದ ಹೊರಟು ಎಡಕ್ಕೆ ಓಡುತ್ತಿತ್ತು! ನನ್ನ ಎಡಗೈ ಸ್ಲೇಟಿನ ಮೇಲೆ ಕದ್ದು ಓಡುತ್ತಿದ್ದದ್ದೂ ಹಾಗೆಯೇ. ಸಾಲಿಯಲ್ಲಿ ಅದಕ್ಕೆ ಏಟು ಬೀಳುತ್ತಿತ್ತು. ಇಲ್ಲಿ ನೋಡಿದರೆ ಒಂದು ಇಡೀ ಭಾಷೆಯೇ ಆ ಕಡೆ ನಡೆದಿದೆ! ನನಗೆ ಕೂಗಬೇಕೆನಿಸಿತು. ಕೂಗಿಯೂ ಬಿಟ್ಟೆ. ಅವ್ವ ಅಡಿಗೆಮನೆಯಿಂದ ಓಡಿ ಬಂದಳು.

ಆಗ ಅಪ್ಪನಿಗೆ ಒಂದು ಮಾತು ಹೊಳೆಯಿತು. ಬರೀ ಕಾಗದದಿಂದ ಜೈನಬ ಮಾಯಿ ಗೆಲ್ಲುವುದಿಲ್ಲ. ಮಗ ಮತ್ತೆ ಫೋಟೋ ಉಲ್ಟಾ ಎಂದೇ ಅನ್ನುತ್ತಾನೆ. ಸೀದಾ ಎಂದು ತೋರಿಸುವ ಇನ್ನೊಂದು ಫೋಟೋ ಬೇಕು, ಅದರಲ್ಲಿ ಅವರಿಗೆ ಓದಲು ಬರುವ ಅಕ್ಷರ ಇರಬೇಕು; ಫೋಟೋ ತಿರುವಿ ಬಿದ್ದರೆ ಅಕ್ಷರವೂ ತಿರುವಿ ಬೀಳುತ್ತದೆ. ನನ್ನ ಸ್ಲೇಟಿನ ಮೇಲೆ ಚಾಚಿ ದೊಡ್ಡದಾಗಿ ಉರ್ದುವಿನಲ್ಲಿ ಬರೆದಳು: ಈ ಚಿತ್ರ ಉಲ್ಟಾ ಅಲ್ಲ. ಅಪ್ಪ ಕ್ಯಾಮೆರಾ ತಂದ. ಆಯಿ ಅವನನ್ನು ನೋಡಿ, ಅಷ್ಟು ವಾರಗಳ ಮೇಲೆ, ನೇರವಾಗಿ ಅವನಿಗೇ ಹೇಳಿದಳು:

"ನೀ ಬ್ಯಾಡ. ನೀ ಕೇಳದ ತಗಿಯಾಂವ. ಈ ಸಲ ನೀಲಿ ತಗೀಲಿ."

ನೀಲಿ ಅಂದರೆ ನಾನು. ಅಪ್ಪ ಕ್ಯಾಮೆರಾವನ್ನು ನನ್ನ ಕೈಗಿಟ್ಟ. ಅದು ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವ, ಎರಡು ಕಣ್ಣಿನ ಕ್ಯಾಮೆರಾ. ಅವ್ವ ಮತ್ತು ಅಪ್ಪ ಕೂಡಿ ರಾಟಿಯನ್ನು ಹಿತ್ತಲ ಬಿಸಿಲಿಗೆ ಹೊತ್ತು ತಂದರು. ಮೊದಲ ಸಲ ಅದು ಕೋಣೆಯ ಹೊರಗೆ ಬಂದಿತ್ತು. ಚಾಚಿ ಬುರ್ಖಾದ ಮುಸುಕು ಎಳೆದುಕೊಂಡು ಫೋಟೋದ ಚೌಕಟ್ಟಿನ ಆಚೆ ಕೂತು ಸ್ಲೇಟು ಮಾತ್ರ ಒಳಗೆ ಚಾಚಿದಳು. ಬಗ್ಗಿ ನೋಡಿದೆ. ಗಾಜಿನ ಮೇಲೆ ಆಯಿ ಬಲಗೈಯಲ್ಲಿ ರಾಟಿ ತಿರುಗಿಸುತ್ತಿದ್ದಳು! ಸ್ಲೇಟಿನ ಅಕ್ಷರವೂ ತಿರುವಾಗಿತ್ತು.

"ಅಪ್ಪಾ, ಉಲ್ಟಾ ಕಾಣಾಕತ್ತೈತಿ! ಎಲ್ಲಾ ಉಲ್ಟಾ!"

ಅಪ್ಪ ಗಟ್ಟಿಯಾಗಿ ನಕ್ಕ. "ಈ ಗಾಜಿನ್ಯಾಗ ಹಂಗ ಕಾಣ್ತೈತಿ ಮಗಳ. ಒಳಗಿನ ಫಿಲ್ಮಿನ ಮ್ಯಾಲ ಸೀದಾ ಬೀಳ್ತೈತಿ. ಅವತ್ತು ನಾನೂ ಇದ ಗಾಜಿನ್ಯಾಗ ನೋಡಿದ್ದೆ, ನನಗೂ ನಿಮ್ಮ ಆಯಿ ಬಲಗೈಯಾಕಿ ಕಂಡಿದ್ದಳು."

"ತಗಿತಿಯೋ ಇಲ್ಲೋ ನೀಲಿ? ನೂಲು ಹರಿತೈತಿ" ಅಂದಳು ಆಯಿ.

"ಆಯಿ, ತಗೀಲೇನು?"

"ತಗಿಯವಾ."

ನನ್ನ ಎಡಗೈಯ ಬೆರಳು ತಾನಾಗಿ ಮುಂದೆ ಹೋಗಿ ಗುಂಡಿ ಒತ್ತಿತು. ಆಯಿ ಅದನ್ನು ನೋಡುತ್ತ ರಾಟಿ ತಿರುಗಿಸುತ್ತಲೇ ಇದ್ದಳು.

ಫಿಲ್ಮು ಪೂರ್ತಿ ಆಗುವವರೆಗೆ ಕಾಯಲು ಅಪ್ಪನಿಗೂ ಆಗಲಿಲ್ಲ. ಅದನ್ನು ಅಂದೇ ತೊಳೆದು ಒಣಗಿಸಿ, ಮರುದಿನ ಬೆಳಿಗ್ಗೆ ಮುದ್ರಿಸಲು ಹೊರಟಾಗ ಎಲ್ಲರೂ ಕತ್ತಲೆ ಕೋಣೆಗೆ ನುಗ್ಗಿದೆವು. ಒಬ್ಬ ಮನುಷ್ಯ ತಿರುಗಿ ನಿಲ್ಲುವಷ್ಟು ಜಾಗ. ಅದರಲ್ಲಿ ಅಪ್ಪ, ಅವ್ವ, ನಾನು, ಚಾಚಿ, ಆಯಿ. ಆಯಿ ಆ ಕೋಣೆಗೆ ಎಂದೂ ಕಾಲಿಟ್ಟವಳಲ್ಲ. ಕೆಂಪು ಬೆಳಕಿನಲ್ಲಿ ಕಾಗದ ತಟ್ಟೆಗೆ ಇಳಿಯಿತು. ಬೇವಿನ ನೆರಳು ಬಂತು, ಚಕ್ರ ಬಂತು, ಆಯಿಯ ಮುಖ ಸ್ವಲ್ಪ ಅಲುಗಿ ಮಸುಕಾಗಿ ಬಂತು, ಕಡೆಗೆ ಸ್ಲೇಟು. ಚಾಚಿ ತಟ್ಟೆಯ ಮೇಲೆ ಬಾಗಿದಳು.

"ಸೀದಾ ಐತಿ! ಯಾ ಅಲ್ಲಾ, ಆಯಿ, ಓದಾಕ ಬರ್ತೈತ್ರಿ, ಸೀದಾ ಐತಿ!"

ಅವ್ವ ಚಪ್ಪಾಳೆ ತಟ್ಟಿದಳು, ಯಾರದೋ ಮೊಣಕೈ ತಾಗಿ ಒಂದು ಬಾಟಲಿ ಉರುಳಿತು, ಅಪ್ಪ ಎಲ್ಲರನ್ನೂ ಹೊರಗೆ ಹೋಗಿರೆಂದು ಗದರುತ್ತ ತಾನೇ ನಗುತ್ತಿದ್ದ. ಅಂದು ಊಟಕ್ಕೆ ಕೂತಾಗ ಆಯಿ ಸೀರೆಯ ಅಂಚನ್ನು ತರಲಿಲ್ಲ.

ಕಾಗದ, ಫೋಟೋ, ಆಯಿಯ ನೂಲಿನ ಒಂದು ಸಣ್ಣ ಲಡಿ ಕೂಡಿ ದೊಡ್ಡ ಪೋಸ್ಟಾಫೀಸಿಗೆ ಹೋದವು. ಪೊಲೀಸರು ಯಾರೂ ಬರಲಿಲ್ಲ. ಆದರೂ ಕೆಲವು ದಿನ ಆಯಿ ಮಧ್ಯಾಹ್ನ ಚಾಚಿಯ ಗಂಡನ ಅಂಗಡಿಯ ಕಟ್ಟೆಯ ಮೇಲೆ ಹೋಗಿ ಕೂತು, ಬಂದುಹೋಗುವವರನ್ನು ದಿಟ್ಟಿಸಿ ನೋಡಿ ಬರುತ್ತಿದ್ದಳು. ಟಪಾಲಿನವನನ್ನು ನಾನು ದಿನಾ ಓಣಿಯ ತುದಿಯಲ್ಲೇ ಹಿಡಿಯುತ್ತಿದ್ದೆ. ಎರಡು ಹಬ್ಬಗಳು ದಾಟಿದ ಮೇಲೆ ಉತ್ತರ ಬಂತು, ಜೊತೆಗೊಂದು ಫೋಟೋ. ಹಳ್ಳಿಯಿಂದ ಪಟ್ಟಣಕ್ಕೆ ರಾಟಿಯನ್ನು ಬಂಡಿಯಲ್ಲಿ ಹೇರಿಕೊಂಡು ಹೋಗಿ ತೆಗೆಸಿದ ಫೋಟೋ ಅದು. ಸ್ಟುಡಿಯೋದ ಪರದೆಯ ಮುಂದೆ ಒಬ್ಬ ತೆಳ್ಳನೆಯ ಮುದುಕಿ, ಕೈತುಂಬ ಬಳೆ, ಎಡಗೈ ಹಿಡಿಕೆಯ ಮೇಲೆ. ಹಿಂದೆ ದೊಡ್ಡ ಮೀಸೆಯ ಮಗ, ಸೋತವನ ಹಾಗೆ ತಲೆ ತಗ್ಗಿಸಿ ನಗುತ್ತ, ನಾನು ತೆಗೆದ ಫೋಟೋವನ್ನು ಎದೆಯ ಮುಂದೆ ಹಿಡಿದು ನಿಂತಿದ್ದ. ಕಾಗದದಲ್ಲಿ ಮೂರೇ ಸಾಲು. ಆಯಿಯ ಲಡಿಯ ಎಳೆಯನ್ನು ತನ್ನ ನೂಲಿನ ಜೊತೆ ಕೂಡಿಸಿ ಒಂದು ಹೊದಿಕೆ ನೇಯಿಸಿದ್ದಾಗಿ, ಇಬ್ಬರದೂ ಒಂದೇ ಕಡೆಗೆ ಹೊಸೆದ ನೂಲಾದ್ದರಿಂದ ಅದು ಚೆನ್ನಾಗಿ ಕೂಡಿಕೊಂಡಿತೆಂದು ಜೈನಬ ಮಾಯಿ ಬರೆಸಿದ್ದಳು.

ಅಪ್ಪ ಈ ಸಲ ಆಯಿಯನ್ನು ಕೇಳಿದ. ಚಾಚಿಯನ್ನೂ ಕೇಳಿದ. ಇಬ್ಬರೂ ಹೂಂ ಅಂದ ಮೇಲೆ, ಚಾಚಿಯ ಹೆಸರು ಬಿಟ್ಟು, ಎರಡೂ ಫೋಟೋಗಳನ್ನು ಪೇಪರಿನಲ್ಲಿ ಅಕ್ಕಪಕ್ಕ ಹಾಕಿಸಿದ. ಒಂದರ ಕೆಳಗೆ ನನ್ನ ಹೆಸರಿತ್ತು. ಆಮೇಲೆ ನಾನು ಕ್ಯಾಮೆರಾ ಹೊತ್ತು ಎಷ್ಟೋ ಗಡಿ ದಾಟಿದ್ದೇನೆ, ಭಾಷೆ ತಿಳಿಯದ ಎಷ್ಟೋ ಊರುಗಳಲ್ಲಿ ಪೇಪರಿಗಾಗಿ ಮುಖಗಳನ್ನು ಹುಡುಕಿದ್ದೇನೆ. ಆದರೆ ನನ್ನ ಕೆಲಸ ಏನೆಂದು ನನಗೆ ತಿಳಿದದ್ದು ಆ ವಾರ. ಗರಗದಿಂದ ಇಬ್ಬರು ಹೆಂಗಸರು ಬಸ್ಸು ಹತ್ತಿ ಬಂದು, ತಾವೂ ಎಡಗೈಯವರೆಂದು ಆಯಿಯ ಕಿವಿಯಲ್ಲಿ ಹೇಳಿ ಹೋದರು. ಓಣಿಯ ಕೊನೆಯ ದರ್ಜಿ ಎಡಗೈಯವನಾದ ತನ್ನ ಮಗನನ್ನು ಕರೆತಂದು ತೋರಿಸಿದ. ನಾದಿನಿ ಮಾತ್ರ ಬರಲಿಲ್ಲ; ಆಯಿ ಅದನ್ನು ಗಮನಿಸಿದ ಹಾಗೂ ಕಾಣಲಿಲ್ಲ.

ಸೋಮವಾರ ನಾನು ಸಾಲಿಗೆ ಹೊರಟಾಗ ಆಯಿಯೂ ಗರಿಗರಿ ಇಳಕಲ್ ಸೀರೆ ಉಟ್ಟು ಚಪ್ಪಲಿ ಮೆಟ್ಟಿದಳು. ಕೈಯಲ್ಲಿ ಮಡಿಸಿದ ಪೇಪರು. ಆಕೆ ಸಾಲಿಯ ಹೊಸ್ತಿಲು ದಾಟಿದ್ದು ಬದುಕಿನಲ್ಲಿ ಅದೇ ಮೊದಲು. ಬಾಯೋರು ಪಾಠ ನಿಲ್ಲಿಸಿ ಎದ್ದು ನಿಂತರು. ಆಯಿ ಅವರ ಮೇಜಿನ ಮೇಲೆ ಪೇಪರು ಬಿಡಿಸಿ, ಅಂಗೈಯಿಂದ ಸವರಿ, ಹೇಳಿದಳು:

"ಬಾಯೋರ, ಇಕಿ ಎಡಗೈಲೆ ಬರೀತಾಳ್ರಿ. ಹೊಡೀಬ್ಯಾಡ್ರಿ. ಇಷ್ಟು ದಿನ ನಾನೂ ತಪ್ಪು ಮಾಡೇನಿ."

ಬಾಯೋರು ಪೇಪರು ನೋಡಿದರು. ಆಯಿಯನ್ನು ನೋಡಿದರು. ಬೆರಳನ್ನು ಇನ್ನೊಂದು ಫೋಟೋದ ಮೇಲಿಟ್ಟು ಕೇಳಿದರು:

"ಇವರು ಯಾರ್ರಿ, ನಿಮ್ಮ ಸಂಬಂಧಿಕರಾ?"

"ಅಲ್ರಿ. ನನ್ನ ಗೆಳತಿ" ಅಂದಳು ಆಯಿ. "ಜೈನಬ ಅಂತ. ಸಿಂಧದಾಗ ಇರ್ತಾಳ."

ಆಯಿಗೆ ಅಕ್ಕತಂಗಿಯರಿದ್ದರು, ಬೀಗಿತ್ತಿಯರಿದ್ದರು, ಓಣಿಯ ತುಂಬ ಪರಿಚಯದವರಿದ್ದರು. ಒಬ್ಬರನ್ನು ಗೆಳತಿ ಎಂದು ಆಕೆ ಕರೆದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.